ಪ್ರಣಾಳಿಕೆಯಿಂದ ಹೊಡೆದುಹಾಕಿದ ಸಾಲು

ಅಪ್ಪ ಮಕ್ತಲ್‌ನಲ್ಲಿ ಹಲಗಿ ಬಾರಿಸಿ ಡಂಗುರ ಸಾರುತ್ತಿದ್ದ. ನಿಜಾಮರ ಕಾಲದಲ್ಲಿ ಅದಕ್ಕೆ ಏಲಾನ್ ಎನ್ನುತ್ತಿದ್ದರು. ನಿಜಾಮರದೇ ಹುಕುಂ ಆದರೆ ಫರ್ಮಾನ್, ಬರೆದು ಗೋಡೆಗೆ ಅಂಟಿಸಿದರೆ ಜಾಹೀರ್‌ನಾಮಾ. ಓದು ಬಾರದ ಅಪ್ಪನಿಗೆ ಮೂರರ ಫರಕೂ ಗೊತ್ತಿತ್ತು. ಚಾವಡಿಯಲ್ಲಿ ಗುಮಾಸ್ತ ಒಂದೆರಡು ಸಲ ಓದಿ ಹೇಳಿದರೆ ಸಾಕು, ಒಂದು ಶಬ್ದ ಬಿಡದೆ ಏಳು ಓಣಿಯಲ್ಲಿ ಒಪ್ಪಿಸಿ ಬರುತ್ತಿದ್ದ.

ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆದ ವಾರ ಊರಿನ ಬಾಗಿಲುಗಳೆಲ್ಲ ಮುಚ್ಚಿದ್ದವು. ಜೀಪಿನಲ್ಲಿ ಬಂದವರು ಭೋಂಗಾ ಹಚ್ಚಿ ಹಿಂದಿಯಲ್ಲಿ ಎಷ್ಟು ಕೂಗಿದರೂ ಒಂದು ಅಗಳಿಯೂ ಸರಿಯಲಿಲ್ಲ. ಕೊನೆಗೆ ಅಪ್ಪನನ್ನು ಕರೆಸಿದರು. "ಹೊಸ ಸರ್ಕಾರದ ಮಾತು ಕೇಳ್ರಪ್ಪೋ! ಹೆದರಬ್ಯಾಡ್ರಿ, ಹೊಲಕ್ಕ ಹೋಗ್ರಿ" ಎಂದು ಅವನು ಕೂಗಿದ ಮೇಲೆ ಹೆಂಗಸರು ಕೊಡ ಹಿಡಿದು ಬಾವಿಗೆ ಹೊರಟರು. ಅವನ ದನಿಗೆ ಊರಲ್ಲಿ ಅಷ್ಟು ಬೆಲೆ. ಸಂಬಳ ಮಾತ್ರ ಇರಲಿಲ್ಲ. ಡಂಗುರ ಸಾರುವುದು, ಪಟೇಲರ ಮನೆಯ ಕಟ್ಟಿಗೆ ಒಡೆಯುವುದು, ಬಂದ ಅಧಿಕಾರಿಗಳ ಗಂಟು ಹೊರುವುದು, ಎಲ್ಲವೂ ಬಿಟ್ಟಿ.

ಆ ಮನೆಯಿಂದ ನಾನು ಬಿ.ಎ. ಆದೆ. ಇದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ರಾಯಚೂರಿನಲ್ಲಿ ಎರವಲು ಪುಸ್ತಕ ತಂದು ಓದಿದೆ, ಹೈದರಾಬಾದಿನಲ್ಲಿ ಹಾಸ್ಟೆಲಿನ ಪಾತ್ರೆ ತೊಳೆದು ಓದಿದೆ. ಯಾರೂ ಪುಕ್ಕಟೆ ಕೊಟ್ಟ ಡಿಗ್ರಿಯಲ್ಲ ಅದು.

ಹೈದರಾಬಾದ್ ರಾಜ್ಯಕ್ಕೆ ಮೊದಲ ಚುನಾವಣೆ ಬಂದಾಗ ಗದ್ವಾಲ್ ಕಡೆಯ ಜಮೀನುದಾರರೊಬ್ಬರು ನಮ್ಮಲ್ಲಿ ನಿಂತರು. ಉರ್ದುವಿನಲ್ಲಿದ್ದ ತಮ್ಮ ಕಾಗದವನ್ನು ಕನ್ನಡದಲ್ಲಿ ಬರೆದುಕೊಡಲು ನನ್ನನ್ನು ಕರೆಸಿದರು. ತಹಸೀಲ್ ಕಚೇರಿಯಲ್ಲಿ ನೌಕರಿ ಕೊಡಿಸುವ ಮಾತೂ ಇತ್ತು. ನಾನು ಮೇಲೆ ದಪ್ಪಕ್ಷರದಲ್ಲಿ 'ಪ್ರಣಾಳಿಕೆ' ಎಂದು ಬರೆದೆ. ಅವರ ಉರ್ದುವಿನಲ್ಲಿ ಇರದಿದ್ದ ಒಂದು ಸಾಲನ್ನು ನಾನೇ ಸೇರಿಸಿದೆ: ಇನ್ನು ಮುಂದೆ ಯಾರೂ ಯಾರಿಗೂ ಬಿಟ್ಟಿ ದುಡಿಯಬೇಕಾಗಿಲ್ಲ.

ಅದನ್ನು ಸಾರಬೇಕಾದವನು ಅಪ್ಪನೇ. ಸಂಜೆ ಅವನಿಗೆ ಓದಿ ಹೇಳಿದೆ.

"ಪ್ರಣಾಳಿಕೆ ಅಂದ್ರ ಏನೋ?"

"ಗೆದ್ದ ಮ್ಯಾಲೆ ಏನು ಮಾಡ್ತೀವಿ ಅಂತ ಮೊದಲೇ ಹೇಳೂದಪ್ಪಾ."

"ಅದಕ್ಕ ಅಷ್ಟುದ್ದ ಹೆಸರ್ಯಾಕ? ಏಲಾನ್ ಅನ್ನು, ನಾಕು ಮಂದಿಗೆ ತಿಳೀತೈತಿ." ನಕ್ಕ. ಆಮೇಲೆ ನಗು ನಿಲ್ಲಿಸಿ, "ಆ ಬಿಟ್ಟಿ ಮಾತು ಇನ್ನೊಮ್ಮೆ ಓದು" ಎಂದ. ಓದಿದೆ. "ಇನ್ನೊಮ್ಮೆ."

ಮರುದಿನ ಚುನಾವಣೆಗೆ ನಿಂತ ಆ ಧಣಿ ಬೆರಳಿಟ್ಟದ್ದೂ ಆ ಸಾಲಿನ ಮೇಲೆಯೇ. "ಏನ್ರಿ ಬಿ.ಎ. ಸಾಹೇಬ್ರ, ನನ್ನ ಬಾಯಾಗ ನಿಮ್ಮ ಮಾತು ತುರುಕ್ತೀರೇನು? ನಾಳೆ ನನ್ನ ಮನಿ ಕಟ್ಟಿಗಿ ಯಾರು ಒಡೀಬೇಕು, ನೀವಾ?" ಸುತ್ತ ಕುಳಿತವರು ನಕ್ಕರು. ನಾನೂ ನಕ್ಕೆ. ಸಾಲು ಹೊಡೆದುಹಾಕಿ, 'ಸರ್ವರಿಗೂ ಹಿತವಾಗುವಂತೆ ನಡೆದುಕೊಳ್ಳಲಾಗುವುದು' ಎಂದು ಬರೆದೆ. ಕಾಗದ ನಾರಾಯಣಪೇಟೆಯ ಪ್ರೆಸ್ಸಿಗೆ ಹೋಯಿತು. ಅಪ್ಪನಿಗೆ ತಿಳಿಸಲಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ಮೂರು ಸಲ ಓದಿಸಿಕೊಂಡವನಿಗೆ ಯಾವ ಮುಖದಿಂದ ಹೇಳುವುದೆಂದು ಸುಮ್ಮನಿದ್ದೆ.

ಧಣಿಯ ಚುನಾವಣಾ ಸಭೆಯ ದಿನ ಅಪ್ಪ ತನಗೆ ಬಾಯಿಪಾಠವಾದದ್ದನ್ನು ಹಾಗೆಯೇ ಏಳೂ ಓಣಿಯಲ್ಲಿ ಕೂಗಿಬಿಟ್ಟಿದ್ದ. ಇಳಿಹೊತ್ತಿಗೆ ಸಂತೆ ಬಯಲು ತುಂಬಿತು. ವೇದಿಕೆಯ ಮೇಲೆ ನಾನು ಅಚ್ಚಾದ ಕಾಗದ ಓದಿ ಮುಗಿಸಿದಾಗ ಮುದುಕಿಯೊಬ್ಬಳು ಎದ್ದು ನಿಂತಳು.

"ಬಿಟ್ಟಿ ಬಂದ್ ಅಂತ ಕೂಗಿದ್ರಲ್ಲೋ ಯಪ್ಪಾ, ಅದನ್ಯಾಕ ಓದಲಿಲ್ಲ?"

ಧಣಿ ನನ್ನ ಕಡೆ ನೋಡಿದರು. ನಾನು ಕಾಗದ ನೋಡುತ್ತ ಹೇಳಿದೆ: "ಇದರಾಗ ಹಂಗೇನೂ ಇಲ್ಲಬೇ. ಡಂಗುರದವರು ತಪ್ಪು ಕೂಗ್ಯಾರ. ಅವರಿಗೆ ಓದಾಕ ಬರೂದಿಲ್ಲ."

ಡಂಗುರದವರು ಅಂದೆ. ಅಪ್ಪ ಎನ್ನಲಿಲ್ಲ. ಅವನು ಹಲಗಿ ಹಿಡಿದು ನನ್ನೆದುರೇ ನಿಂತಿದ್ದ. 'ನನ್ನ ಮಗನೇ ಓದಿ ಹೇಳಿದ' ಎಂದಿದ್ದರೆ ನನ್ನ ಮಾನ ಅಲ್ಲಿಗೇ ಹೋಗುತ್ತಿತ್ತು.

"ಹೌದ್ರಿ ಧಣಿ, ಕೂಗಿದಂವ ನಾನು" ಎಂದು ಹಲಗಿಯನ್ನು ವೇದಿಕೆಯ ಮೂಲೆಗಿಟ್ಟು ಹೊರಟ.

ಕೂಗಿದ್ದು ಸುಳ್ಳಾದರೆ ಕೂಗಿದವನೇ ಹಲಗಿ ಇಲ್ಲದೆ ಬರಿಗೈಯಲ್ಲಿ ಅದೇ ಓಣಿಗಳನ್ನು ತಿರುಗಿ, ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಅದು ನಮ್ಮವರ ಕಟ್ಟಳೆ. ಅಪ್ಪನಿಗೆ ಅದುವರೆಗೆ ಆ ಪಾಳಿ ಬಂದಿರಲಿಲ್ಲ. ನಾನು ಕುಳಿತಲ್ಲಿಗೇ ಮೊದಲ ಓಣಿಯಿಂದ ಅವನ ದನಿ ಕೇಳಿಸಿತು. "ಬಿಟ್ಟಿ ಬಂದ್ ಅಂದಿದ್ದು ಖರೇ ಅಲ್ರಪ್ಪೋ. ತಪ್ಪು ನಂದೈತಿ." ಯಾರೋ ಕಟ್ಟೆಯ ಮೇಲಿಂದ, "ಮಗ ಬಿ.ಎ. ಮಾಡ್ಯಾನ, ನೀ ಕೂಗೂದ ಮರತ್ಯಾ?" ಎಂದರು. ನಾನು ಎದ್ದು ಹೋಗಲಿಲ್ಲ. ಏಳು ಓಣಿ ಮುಗಿಯುವವರೆಗೂ ಧಣಿಯ ಪಕ್ಕದ ಕುರ್ಚಿಯಲ್ಲೇ ಕುಳಿತಿದ್ದೆ.

ನನಗೆ ನೌಕರಿ ಸಿಕ್ಕಿತು. ಪಟೇಲರ ಮನೆಯ ಕಟ್ಟಿಗೆಗೆ ಅಪ್ಪ ಹೋಗುತ್ತಲೇ ಇದ್ದ. ಕೆಲವು ತಿಂಗಳ ಮೇಲೆ ರಾಜೋಳಿಗೆ ಕೊಟ್ಟಿದ್ದ ಅಕ್ಕನ ಕಾಗದ ಬಂತು. ನಾನು ಮನೆಯಲ್ಲೇ ಇದ್ದೆ. ಅಪ್ಪ ಅದನ್ನು ಮಡಿಚಿ ಕಿಸೆಗಿಟ್ಟುಕೊಂಡು ಚಪ್ಪಲಿ ಮೆಟ್ಟಿದ.

"ಕೊಡಪ್ಪಾ, ನಾ ಓದ್ತೀನಿ."

"ಬ್ಯಾಡ ಬಿಡು. ದರ್ಜಿ ಕಡೆ ಓದಸ್ತೀನಿ. ಅಂವ ಇದ್ದದ್ದು ಇದ್ದಂಗ ಓದ್ತಾನ."