ಹೊಟ್ಟೆಬಾಕನ ಐತವಾರ

ಗಣಿಗಳ ಊರಾದ ಕುಡಚಡೆಯ ಬ್ಯಾಂಕೊಂದರಲ್ಲಿ ಕ್ಯಾಷಿಯರ್ ಆಗಿರುವ ಧಾರವಾಡದ ಆಶಿಷ್‌ಗೆ ತಲೆ ಅರ್ಧ ಬೆಳ್ಳಗಾಗಿದೆ. ಆದರೂ ಐತವಾರ ಬಂತೆಂದರೆ ಬಿಸ್ಕಿಟ್ ಡಬ್ಬಿಯೊಂದನ್ನು ಕಂಕುಳಲ್ಲಿಟ್ಟುಕೊಂಡು ಮನೆ ಬಿಡುತ್ತಾನೆ. ಡಬ್ಬಿಯೊಳಗಿರುವುದು ಕಾರ್ಡು. ಇಸ್ಪೀಟಿನವಲ್ಲ, ಒಂದೊಂದರ ಮೇಲೆ ಒಂದೊಂದು ವಿಚಿತ್ರ ಪ್ರಾಣಿ, ಅದರ ಬಲ, ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅದರ ಗುಣ. ಪ್ರಾಣಿಗಳನ್ನು ಮೇಜಿನ ಮೇಲೆ ಇಳಿಸಿ, ಏಟಿನ ಮೇಲೆ ಏಟು ಕೊಟ್ಟು ಎದುರಾಳಿಯನ್ನು ಮಲಗಿಸುವ ಆಟ. ಹಾಸ್ಟೆಲಿನಲ್ಲಿ ಹತ್ತಿದ ಈ ಹುಚ್ಚು ಮದುವೆಯಾದರೂ ಇಳಿಯಲಿಲ್ಲ. ಇಳಿಸುವ ಪ್ರಯತ್ನವನ್ನು ಹೆಂಡತಿ ಮೃದುಲಾ ಎಂದೋ ಕೈಬಿಟ್ಟಿದ್ದಾಳೆ.

ಡಬ್ಬಿಯ ಯಜಮಾನನೆಂದರೆ ಹೊಟ್ಟೆಬಾಕ. ಹಾಸ್ಟೆಲಿನ ಕಾಲದಲ್ಲಿ ಆಶಿಷ್‌ನೇ ಇಟ್ಟ ಹೆಸರು. ಆಟದ ಶುರುವಿಗೇ ಅಗ್ಗದಲ್ಲಿ ಇಳಿಸಬಹುದು, ಬಲವೋ ಆನೆಯದು. ಆದರೆ ತನ್ನನ್ನು ಸಾಕುವವನ ಪ್ರತಿ ಸರತಿಗೂ ಅವನದೇ ಇನ್ನೊಂದು ಪ್ರಾಣಿಯನ್ನು ತಿನ್ನುತ್ತದೆ. ಊಟ ಸಿಗದಿದ್ದರೆ ನಾಚಿಕೆಯಿಲ್ಲದೆ ಎದುರಾಳಿಯ ಕಡೆ ಹೋಗಿ ಕೂರುತ್ತದೆ. ಇದರ ಹೊಟ್ಟೆಗೆಂದೇ ಆಶಿಷ್ ಕುರಿಮರಿಯ ಕಾರ್ಡುಗಳನ್ನು ಜೊತೆಗಿಟ್ಟುಕೊಂಡಿದ್ದ. ಹಳೆಯ ಕಾರ್ಡುಗಳೆಲ್ಲ ಹೀಗೇ, ಬಲದ ಜೊತೆಗೊಂದು ತಂಟೆ ಇದ್ದೇ ಇರುತ್ತಿತ್ತು. ಈಗಿನವಕ್ಕೆ ಬಲವೂ ಉಂಟು, ಬಂದ ಕೂಡಲೇ ಉಡುಗೊರೆಯನ್ನೂ ಕೊಡುತ್ತವೆ, ದೋಷವೆಂಬುದಿಲ್ಲ. ಅವನ್ನು ಓದುತ್ತಿದ್ದರೆ ವರನ ಬಯೋಡಾಟಾ ಓದಿದ ಹಾಗಾಗುತ್ತದೆ ಎಂದು ಆಶಿಷ್ ಗೊಣಗುತ್ತಿದ್ದ.

ಆಟ ನಡೆಯುವುದು ಸ್ಟೇಷನ್ ಹತ್ತಿರ, ರಿಯಾಜನ ಮೊಬೈಲ್ ಅಂಗಡಿಯ ಹಿಂದಿನ ಕೋಣೆಯಲ್ಲಿ. ಕಳೆದ ಮಳೆಗಾಲದ ಒಂದು ಐತವಾರ ರಿಯಾಜ ಎಲ್ಲರಿಗೂ ಭಾಜಿ-ಪಾವ್ ಹಂಚಿ, ಇನ್ನು ಮುಂದೆ ಹೊಸ ಕಾರ್ಡುಗಳಲ್ಲೇ ಆಡೋಣವೆಂದ. ಹಳೆಯವು ಆಶಿಷ್ ಒಬ್ಬನ ಹತ್ತಿರವೇ ಇವೆ, ಉಳಿದವರಿಗೆ ಅವುಗಳ ತಲೆಬುಡ ತಿಳಿಯುವುದಿಲ್ಲ. ಮಾತು ನ್ಯಾಯವಾಗಿಯೇ ಇತ್ತು. ಅದಕ್ಕೇ ಆಶಿಷ್ ಪಾವನ್ನು ಅರ್ಧಕ್ಕೇ ಬಿಟ್ಟ. ಕೊನೆಗೆ ಒಂದು ಆಟ ಆಡೋಣವೆಂದ: ಗೆದ್ದರೆ ಹಳೆಯ ಕಾರ್ಡು ಉಳಿಯಲಿ, ಸೋತರೆ ಡಬ್ಬಿ ಅಟ್ಟ ಸೇರಲಿ.

ಎದುರಿಗೆ ಕೂತವಳು ಶ್ವೇತಾ. ಅದಿರಿನ ಲಾರಿ ಓಡಿಸುತ್ತಿದ್ದ ವಿಜಯಪುರದವರೊಬ್ಬರ ಮಗಳು, ಈಗ ಔಷಧಿ ಅಂಗಡಿಯಲ್ಲಿ ಕೆಲಸ, ಆ ಕೋಣೆಯಲ್ಲಿ ಅವಳನ್ನು ಸೋಲಿಸಿದವರು ಕಡಿಮೆ.

ಹೊಟ್ಟೆಬಾಕ ಇಳಿದ, ಕುರಿ ತಿಂದ, ಶ್ವೇತಾಳಿಗೆ ಚೆನ್ನಾಗಿಯೇ ಬಾರಿಸಿದ. ಆಮೇಲೆ ಆಶಿಷ್‌ನ ಅದೃಷ್ಟ ಕೈಕೊಟ್ಟಿತು. ಮುಂದಿನ ಸರತಿಗೆ ಕುರಿಮರಿಯಿರಲಿ, ಬೇರೆ ಪ್ರಾಣಿಯೂ ಕೈಗೆ ಬರಲಿಲ್ಲ. ಹೊಟ್ಟೆಬಾಕನನ್ನು ತಾನೇ ಎತ್ತಿ ಅವಳ ಮುಂದೆ ಇಡುವಾಗ ಆಶಿಷ್‌ಗೆ ನಿಜವಾಗಿಯೂ ಸಂಕಟವಾಯಿತು. ಕೋಣೆಯವರೆಲ್ಲ ಚಪ್ಪಾಳೆ ತಟ್ಟಿದರು.

ಶ್ವೇತಾ ತನ್ನ ಸರತಿ ಶುರು ಮಾಡಿ ಹೊಡೆಯಲು ಹೊರಟಳು.

"ಮೊದಲ ಅದಕ್ಕ ಊಟಕ್ಕ ಹಾಕಬೇಕು ನೋಡವಾ," ಎಂದ ಆಶಿಷ್.

ಅವಳು ಕಾರ್ಡೆತ್ತಿ ಅಡಿಯ ಸಾಲನ್ನು ಓದಿದಳು. ಹೊಸ ಕಾರ್ಡುಗಳಲ್ಲಿ ಆ ಸಾಲಿನಲ್ಲಿ ಬರೀ ಒಳ್ಳೆಯದೇ ಇರುವುದರಿಂದ ಪೂರ್ತಿ ಓದುವ ಅಭ್ಯಾಸವೇ ಅವಳಿಗಿರಲಿಲ್ಲ. ಹೊಟ್ಟೆಬಾಕ ಅವಳ ರೆಕ್ಕೆಯ ಸಿಂಹವನ್ನು ತಿಂದ. ಮುಂದಿನ ಸರತಿಗೆ ಚಿನ್ನದ ಹಾವನ್ನೂ ಮುಗಿಸಿದ. ಅಷ್ಟರಲ್ಲಿ ತಡವಾಗಿ ಬಂದ ಕುರಿಮರಿಗಳನ್ನು ಅಡ್ಡ ಇಟ್ಟು ಆಶಿಷ್ ಹೇಗೋ ಜೀವ ಉಳಿಸಿಕೊಂಡ. ಶ್ವೇತಾಳ ಬಳಿ ಹಾಕಲು ಏನೂ ಉಳಿಯದಿದ್ದಾಗ ಹೊಟ್ಟೆಬಾಕ ಏನೂ ಆಗೇ ಇಲ್ಲವೆಂಬಂತೆ ಹಳೆಯ ಯಜಮಾನನ ಬಳಿ ಬಂದು ಕೂತ. ಉಳಿದಿದ್ದ ಒಂದೇ ಕುರಿಯನ್ನು ಅವನಿಗೆ ಹಾಕಿ ಆಶಿಷ್ ಕೊನೆಯ ಏಟು ಕೊಟ್ಟ.

ಗೆದ್ದ ಖುಷಿಯಲ್ಲಿ ಆಶಿಷ್ ಕಾರ್ಡುಗಳನ್ನು ಡಬ್ಬಿಗೆ ತುಂಬಿದ. ಡಬ್ಬಿ ಮುಚ್ಚಲು ಹೋದಾಗ ಶ್ವೇತಾ ಇನ್ನೂ ಹೊಟ್ಟೆಬಾಕನನ್ನೇ ನೋಡುತ್ತಿದ್ದಳು.

"ಅಣ್ಣಾ, ಇಂಥಾವು ಇನ್ನೂ ಅದಾವೇನ್ರಿ?"

ಡಬ್ಬಿತುಂಬ ಅವೇ ಇದ್ದವು. ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

"ಮುಂದಿನ ಐತವಾರದ ಮಟಾ ಇದನ್ನ ನಾ ಸಾಕ್ತೀನ್ರಿ," ಎಂದಳು.

ಹೊಟ್ಟೆಬಾಕ ಅವತ್ತಿನವರೆಗೆ ಡಬ್ಬಿ ಬಿಟ್ಟು ಬೇರೆಡೆ ಮಲಗಿದವನಲ್ಲ. ಆಶಿಷ್ ಕಾರ್ಡಿನ ಅಂಚನ್ನು ಹೆಬ್ಬೆರಳಿನಿಂದ ಒರೆಸಿದ. ಆಮೇಲೆ ಅವನನ್ನು ಅವಳ ಕೈಗಿಟ್ಟು, ಡಬ್ಬಿಯಲ್ಲಿ ತಡಕಾಡಿ ಕುರಿಮರಿಗಳನ್ನೂ ಹುಡುಕಿ ಕೊಟ್ಟ.

"ಉಪವಾಸ ಕೆಡವಬ್ಯಾಡ," ಎಂದ.