ಒಸಡಕ್ಕನ ಕೈಗನ್ನಡಿ

ದಂತವೈದ್ಯದ ಲೋಕದಲ್ಲಿ ಹಲ್ಲು ಕೀಳುವವರಿಗೆ ಹೆಸರುಂಟು, ಕಟ್ಟುವವರಿಗೆ ಕೀರ್ತಿಯುಂಟು. ಹಲ್ಲನ್ನು ಹಿಡಿದು ನಿಲ್ಲಿಸುವ ಒಸಡಿನ ಆರೈಕೆಗೆ ಬೆನ್ನು ಬಗ್ಗಿಸಿದವರನ್ನು ಕೇಳುವವರೇ ವಿರಳ. ನಮ್ಮ ಸರ್ಕಾರಿ ಹಲ್ಲಿನ ಆಸ್ಪತ್ರೆಯಲ್ಲಿ ಹಲ್ಲು ಶುಚಿ ಮಾಡುವ ಸಹಾಯಕಿಯಾಗಿ ಸೇರಿ, ಮೂವತ್ತನಾಲ್ಕು ವರ್ಷ ದುಡಿದು ಅದೇ ಹುದ್ದೆಯಲ್ಲಿ ನಿವೃತ್ತರಾದ, ವಲಸೆ ಬಂದ ಕಟ್ಟಡ ಕೆಲಸಗಾರರೆಲ್ಲ 'ಒಸಡಕ್ಕ' ಎಂದೇ ಕರೆಯುವ ಈ ಹಿರಿಯರಿಗೆ ಅಭಿನಂದನ ಗ್ರಂಥ ಸಮರ್ಪಣೆಯಾಗುತ್ತಿರುವುದು ಉಚಿತವೇ ಆಗಿದೆ. ಅದರಲ್ಲಿ ಬರೆಯುವ ಯೋಗ್ಯತೆ ನನಗಿದೆಯೇ ಎಂಬ ಅಳುಕು ಮಾತ್ರ ನನ್ನನ್ನು ಬಿಟ್ಟಿಲ್ಲ.

ನಾನು ಹೊಸ ವೈದ್ಯನಾಗಿ ಬಂದಾಗ ಅವರು ಅಲ್ಲಿ ಹನ್ನೊಂದು ವರ್ಷ ಸವೆಸಿದ್ದರು. ರೋಗಿಯ ಬಾಯಿ ಮುಟ್ಟುವ ಮುನ್ನ ಒಮ್ಮೆ, ಮುಗಿದ ಮೇಲೆ ಒಮ್ಮೆ, ಅಂಚು ಸವೆದ ಕೈಗನ್ನಡಿಯೊಂದನ್ನು ರೋಗಿಯ ಕೈಗೇ ಕೊಟ್ಟು, ಏನಾಗಿದೆ, ಮುಂದೇನಾಗುತ್ತದೆ ಎಂದು ತಿಳಿಸುವುದು ಒಸಡಕ್ಕನ ಪದ್ಧತಿ. ಸಾಲು ಬಾಗಿಲಾಚೆ ಬೆಳೆದಿರುವಾಗ ಇದೆಂಥ ಪುರಾಣವಪ್ಪಾ ಎಂದು ನನಗೆ ರೇಗುತ್ತಿತ್ತು.

ಒಂದು ಸೋಮವಾರ ಗಾರೆ ಮೇಸ್ತ್ರಿಯೊಬ್ಬರು ಬಂದರು. ಕಾಲಿಗೆ ಚಕ್ರ ಕಟ್ಟಿಕೊಂಡ ಆ ಜನ ನೋವಿಲ್ಲದೆ ಆಸ್ಪತ್ರೆಯ ಮೆಟ್ಟಿಲು ಹತ್ತುವವರಲ್ಲ. ಒಸಡಿನ ರೋಗವೋ, ಹಲ್ಲು ಅಲುಗಾಡುವ ತನಕ ನೋಯುವುದೇ ಇಲ್ಲ. ಒಸಡಕ್ಕ ಕೆಲಸಗಾರರ ತಗಡಿನ ಶೆಡ್ಡಿಗೆ ಹೋಗಿ ಒಲಿಸಿ ಕರೆತಂದಿದ್ದರು. ತನಗೆ ಸರಿಯೆನಿಸಿದರೆ ಹೆಂಡತಿಯನ್ನೂ ಕಳಿಸುವುದಾಗಿ ಮೇಸ್ತ್ರಿ ಒಪ್ಪಿದ್ದರು. ಆಕೆಗಿನ್ನೂ ಮೂವತ್ತು ದಾಟಿರಲಿಲ್ಲ, ಒಸಡಿನಿಂದ ಆಗಲೇ ರಕ್ತ ಒಸರುತ್ತಿತ್ತು.

ಅಂದು ಶುಚಿ ಮಾಡಿದವನು ನಾನು. ಹಲ್ಲಿನ ಸಂದಿಯಲ್ಲಿ ಕಲ್ಲಾಗಿದ್ದ ಕೊಳೆಯನ್ನೆಲ್ಲ ಕೆರೆದು ತೆಗೆದೆ. ಒಸಡಕ್ಕ ಕನ್ನಡಿ ಹಿಡಿದು ಬಂದಾಗ, "ಸಾಕಮ್ಮ, ಮುಂದಿನವರನ್ನ ಕಳ್ಸಿ" ಎಂದುಬಿಟ್ಟೆ. ಕೊಳೆ ಹೋದ ಮೇಲೆ ಕೆಲವು ದಿನ ಹಲ್ಲು ಸಡಿಲವೆನಿಸುತ್ತದೆ, ಒಸಡು ಬಿಗಿದಂತೆ ಸರಿಹೋಗುತ್ತದೆ, ಹೇಳಬೇಕಾಗಿದ್ದುದು ಇಷ್ಟೇ.

ಮೂರನೆಯ ದಿನ ಮೇಸ್ತ್ರಿ ಬಾಗಿಲಲ್ಲೇ ನಿಂತು ಕೂಗಾಡಿದರು. "ನಾನು ಗೋಡೆ ಕಟ್ಟೋನು! ಗಾರೆ ಕಿತ್ತಾಕಿದ್ರೆ ಇಟ್ಟಿಗೆ ನಿಲ್ಲುತ್ತಾ? ಗಟ್ಟಿಯಾಗಿದ್ದ ಹಲ್ಲನ್ನ ಅಲ್ಲಾಡಿಸಿ ಕಳ್ಸಿದೀರಲ್ಲ!"

ನಾನು ಒಳಕೋಣೆಯಲ್ಲಿ ಕುಳಿತೇ ಇದ್ದೆ. ಎದ್ದು ಹೋದವರು ಒಸಡಕ್ಕ. "ತಪ್ಪು ನಂದೇ ಅಣ್ಣ, ಹೇಳೋದು ಮರೆತೆ" ಎಂದರು. ನಾನು ಪಿಟಕ್ಕೆನ್ನಲಿಲ್ಲ. ಮಾತು ಶೆಡ್ಡಿನಿಂದ ಶೆಡ್ಡಿಗೆ ಹಬ್ಬಿ, ಎರಡು ವರ್ಷ ಅಲ್ಲಿನ ಒಂದು ನರಪಿಳ್ಳೆಯೂ ನಮ್ಮತ್ತ ಸುಳಿಯಲಿಲ್ಲ.

ಒಸಡಕ್ಕ ಬಿಡಲಿಲ್ಲ. ರಜೆಯ ದಿನಗಳಲ್ಲಿ ವಿಚಾರಿಸುತ್ತ ಅಲೆದು, ಬೇರೆ ಕಟ್ಟಡಕ್ಕೆ ಹೋಗಿದ್ದ ಮೇಸ್ತ್ರಿಯನ್ನು ಪತ್ತೆಹಚ್ಚಿ ಕೇಳಿದರಂತೆ: "ಹಳೇ ಗೋಡೆಗೆ ಹೊಸ ಗಾರೆ ಬಳಿಯೋ ಮುಂಚೆ ಪುಡಿಯಾಗಿರೋದನ್ನ ಕೆರೀತೀರೋ ಇಲ್ವೋ?"

"ಕೆರೀದೆ ಇದ್ರೆ ಹಿಡಿಯೋದೇ ಇಲ್ವಲ್ಲ!"

"ಮತ್ತೆ? ನಾವು ಕೆರೆದದ್ದೂ ಅದನ್ನೇ ಅಣ್ಣ."

ಮೇಸ್ತ್ರಿ, "ಇದನ್ನ ಅವತ್ತೇ ಹೇಳ್ಬಾರ್ದಿತ್ತೇನಕ್ಕ" ಎಂದರಂತೆ. ಮರುದಿನವೇ ಹೆಂಡತಿಯನ್ನು ಕರೆತಂದರು. ಅಷ್ಟರಲ್ಲಿ ಆಕೆಯ ಮುಂದಿನ ನಾಲ್ಕು ಹಲ್ಲು ಉಳಿಸಲಾಗದಂತಾಗಿದ್ದವು. ಅವನ್ನು ಕಿತ್ತವನೂ ನಾನೇ.

ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಆಡದಿದ್ದರೂ ಹೋಗುತ್ತದೆಂದು ನಾನು ಹೀಗೆ ಕಲಿತೆ. ಮುಂದಿನ ವರ್ಷಗಳಲ್ಲಿ ಒಸಡಕ್ಕನ ದೆಸೆಯಿಂದ ಶೆಡ್ಡಿನವರು ಮತ್ತೆ ಬಂದರು. ಊರು ಬಿಡುವವರಿಗೆ ಹೋಗುವ ಊರಿನ ಆಸ್ಪತ್ರೆಯ ದಾರಿಯನ್ನೂ ಅವರೇ ಬರೆದುಕೊಡುತ್ತಿದ್ದರು. ನನ್ನನ್ನು ಒಂದು ದಿನವೂ ಹಂಗಿಸಲಿಲ್ಲ. ನನ್ನ ರೋಗಿ ಕುರ್ಚಿಯಿಂದ ಏಳುವ ಹೊತ್ತಿಗೆ, "ಕನ್ನಡಿ ತಗೊಳ್ಳಿ ಡಾಕ್ಟ್ರೇ" ಎನ್ನುತ್ತಿದ್ದರು, ಅಷ್ಟೆ.

ಕಳೆದ ತಿಂಗಳ ಬೀಳ್ಕೊಡುಗೆಗೆ ಮೇಸ್ತ್ರಿ ದಂಪತಿ ದೂರದಿಂದ ಬಂದಿದ್ದರು. "ನಮ್ಮಕ್ಕ ಜೀವಮಾನದಲ್ಲಿ ಮರೆತದ್ದು ಒಂದೇ ಸಲ, ಅದೂ ನನ್ ಹಣೇಬರಕ್ಕೆ!" ಎಂದು ಮೇಸ್ತ್ರಿ ತಮಾಷೆ ಮಾಡಿದಾಗ ಸಭೆಯೆಲ್ಲ ನಕ್ಕಿತು. ಅವರ ಹೆಂಡತಿಯೂ ನಕ್ಕರು. ಹಲ್ಲು ಕಟ್ಟಿಸಿಕೊಂಡು ಎಷ್ಟೋ ವರ್ಷವಾಗಿದ್ದರೂ ಕೈ ತಾನಾಗಿ ಬಾಯಿಗೆ ಅಡ್ಡ ಹೋಯಿತು. ಮುಂದಿನ ಭಾಷಣ ನನ್ನದೇ ಆಗಿತ್ತು. ಆಗಲೂ ನಾನು ಹೇಳಲಿಲ್ಲ.

ಒಸಡಕ್ಕ ನೂರು ಕಾಲ ಬಾಳಲಿ, ಅವರ ಕನ್ನಡಿಗೆ ಬಿಡುವು ಸಿಗದಿರಲಿ. ಈ ಗ್ರಂಥದ ಒಂದು ಪ್ರತಿಯನ್ನು ಮೇಸ್ತ್ರಿಯವರ ಮನೆಗೆ ನಾನೇ ಒಯ್ಯುತ್ತೇನೆ. ಅವರಿಗೆ ಓದು ಬಾರದು, ಹೆಂಡತಿಗೆ ಬರುತ್ತದೆ. ತಾಯಿ, ಈ ಸಾಲನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿ: ಅಕ್ಕ ಅವತ್ತು ಮರೆತಿರಲಿಲ್ಲ, ತಡೆದವನು ನಾನು.