ಕಾವಲಿಯೂ ಕಾವೀಳೂ

ದೋಸೆಯ ಕಾವಲಿಗೊಂದು ಸದ್ಗುಣವಿದೆ, ಗಮನಿಸಿದ್ದೀರಾ? ಎಷ್ಟು ಕಪ್ಪಾದರೂ ಅದಕ್ಕೆ ನಾಚಿಕೆಯಿಲ್ಲ. ಕಪ್ಪಾದಷ್ಟೂ ದೋಸೆ ಸಲೀಸಾಗಿ ಏಳುತ್ತದೆ. ಮನುಷ್ಯರಿಗೆ ದೇವರು ಆ ವರ ಕೊಡಲಿಲ್ಲ. ಮೈಮೇಲೆ ಕಲೆಯಾದರೆ ಸೆರಗೆಳೆದು ಮುಚ್ಚಿಕೊಂಡೇವು. ರಕ್ತದೊಳಗೇ ಕಲೆಯಿದ್ದರೆ ಅದಕ್ಕೆ ಹೊದಿಸುವ ಸೆರಗು ಎಲ್ಲಿಯದು?

ಮದುವೆಯಾಗಿ ಮೈಸೂರಿನಿಂದ ಚೆಂಬೂರಿಗೆ ಬಂದು, ತರಕಾರಿ ಕೊಳ್ಳುವಷ್ಟು ಮರಾಠಿ ಕಲಿಯುವ ಹೊತ್ತಿಗೆ ನಾನು ಬಸುರಿ. ರಕ್ತ ಪರೀಕ್ಷಿಸಿದ ಡಾಕ್ಟರಮ್ಮ, ನನ್ನೊಳಗೆ ‘ಕಾವೀಳ್’ ರೋಗಾಣು ಸದ್ದಿಲ್ಲದೆ ಕೂತಿದೆ ಎಂದರು. ಮರಾಠಿಯಲ್ಲಿ ಕಾವೀಳ್ ಎಂದರೆ ಕಾಮಾಲೆ. ನನಗೆ ಯಾವ ಬಾಧೆಯೂ ಇರಲಿಲ್ಲ; ಆದರೆ ಹೆರಿಗೆಯ ಹೊತ್ತಿನಲ್ಲಿ ಅದು ಕೂಸಿಗೆ ದಾಟಿದರೆ ಮುಂದೊಂದು ದಿನ ಅದರ ಲಿವರನ್ನೇ ತಿಂದುಹಾಕಬಹುದು, ಆದ್ದರಿಂದ ಹುಟ್ಟಿದೊಡನೆ ಚುಚ್ಚುಮದ್ದು ಬೀಳಲೇಬೇಕು. ಯಜಮಾನರು ದಾದರಿನಿಂದ ಅದನ್ನು ಮಂಜುಗಡ್ಡೆಯ ಥರ್ಮಾಸಿನಲ್ಲಿ ತಂದು ಆಸ್ಪತ್ರೆಯ ಫ್ರಿಜ್ಜಿನಲ್ಲಿ ಇರಿಸಿದರು. ರಕ್ತದಿಂದ ಮಾತ್ರವಲ್ಲ, ಗಂಡಹೆಂಡಿರ ಸಂಬಂಧದಿಂದಲೂ ಹರಡುವ ರೋಗವಿದು ಎಂದು ಕೇಳಿದ ಮೇಲೆ, ತಾಯಿಯಿಲ್ಲದ ನನ್ನ ಬಾಣಂತನಕ್ಕೆಂದು ಬಂದ ಅತ್ತೆಗೆ ಹೇಳಲು ನಾಲಗೆ ಏಳಲಿಲ್ಲ. ಸೊಸೆಯ ನಡತೆಯನ್ನು ಅವರು ಏನೆಂದುಕೊಂಡಾರು?

ಮಧ್ಯಾಹ್ನ ಹೆರಿಗೆಯಾಯಿತು, ಹೆಣ್ಣು ಕೂಸು. ಡಾಕ್ಟರಮ್ಮ ಇನ್ನೊಂದು ಹೆರಿಗೆಗೆ ಓಡಿದ್ದರು, ಯಜಮಾನರು ಇನ್ನೂ ಲೋಕಲ್ ರೈಲಿನಲ್ಲಿದ್ದರು. ಉಳಿದವರು ನನ್ನ ಸಂಗತಿ ಏನೂ ಅರಿಯದ ಹೊಸ ನರ್ಸು, ಮಂಚಕ್ಕೆ ಅಂಟಿ ನಿಂತ ಅತ್ತೆ. ಹೇಳಿದರೆ ಮಾನ ಹೋಗುತ್ತದೆ; ಹೇಳದಿದ್ದರೆ ಮಗು. ನಂಜುಂಡೇಶ್ವರನನ್ನು ನೆನೆದು ಕಣ್ಣುಮುಚ್ಚಿದೆ.

“ಸಿಸ್ಟರ್, ಮಲಾ ಕಾವೀಳ್ ಆಹೇ. ಬಾಳಾಲಾ ಇಂಜೆಕ್ಷನ್ ದ್ಯಾ.”

ನನಗೆ ಕಾಮಾಲೆಯಿದೆ, ಮಗುವಿಗೆ ಇಂಜೆಕ್ಷನ್ ಕೊಡಿ ಎಂದ ನನ್ನ ಮರಾಠಿ ತಿಳಿಯದೆ ಅತ್ತೆ ಬೆಚ್ಚಿದರು. “ಕಾವಲಿ ಯಾಕೇ ಈಗ? ಹೆತ್ತ ಸುಸ್ತೇ ಆರಿಲ್ಲ, ದೋಸೆ ಹುಯ್ಯಕ್ಕೆ ಹೊರಟ್ಯಾ?”

ನಗಬೇಕಿದ್ದ ಮಾತು. ಭಗವಂತ ಅಡಗಿಕೊಳ್ಳಲು ಸಂದಿಯೊಂದನ್ನು ತೋರಿಸಿದನೋ ಎಂದುಕೊಳ್ಳುವಷ್ಟರಲ್ಲಿ ನರ್ಸು ಸೂಜಿ ತಂದಳು, ಅತ್ತೆ ಕೂಸನ್ನು ಎದೆಗವಚಿಕೊಂಡು, “ಬೇಡಮ್ಮಾ, ಈಗಷ್ಟೇ ಕಣ್ಬಿಟ್ಟಿರೋ ಕೂಸು. ಇವಳೇನೋ ಬಡಬಡಿಸ್ತಿದಾಳೆ,” ಎಂದು ಅಡ್ಡ ನಿಂತರು.

ಇನ್ನು ಕನ್ನಡದಲ್ಲೇ ಹೇಳಬೇಕಾಯಿತು. “ಕಾವಲಿ ಅಲ್ಲ ಅತ್ತೆ, ಕಾಮಾಲೆ. ನನ್ನ ರಕ್ತದಲ್ಲಿದೆ. ಮಗೂಗೆ ಬರದೇ ಇರ್ಲಿ ಅಂತ ಈ ಸೂಜಿ.”

ಅತ್ತೆ ಕೂಸಿನ ಹೊದಿಕೆ ಸರಿಪಡಿಸಿದರು.

“ಅವನಿಗೆ ಗೊತ್ತಾ?”

“ಗೊತ್ತು.”

“ನನಗೊಬ್ಬಳಿಗೆ ಹೇಳಬಾರದಾಯ್ತು, ಅಲ್ವಾ? ಅಷ್ಟು ಕೆಟ್ಟವಳಾ ನಾನು?” ಎಂದವರೇ ಕೂಸಿನ ಕಾಲನ್ನು ತಾವೇ ಮೆತ್ತಗೆ ಹಿಡಿದು ನರ್ಸಿನತ್ತ ಚಾಚಿದರು.

ಮುಂದಿನ ಚುಚ್ಚುಮದ್ದುಗಳೂ ಮುಗಿದು, ಮಗಳ ರಕ್ತದಲ್ಲಿ ಏನೂ ಇಲ್ಲವೆಂದು ತಿಳಿದದ್ದು ಆಮೇಲೆ ಸಂದ ಕೃಪೆ. ನಾಚುವಂಥ ತಪ್ಪು ನಾನೇನು ಮಾಡಿದ್ದೆ ಎಂದು ಬುದ್ಧಿ ಇಂದಿಗೂ ಕೇಳುತ್ತದೆ. ನಾಚಿಕೆ ಬುದ್ಧಿಯ ಮಾತು ಕೇಳುವುದಿಲ್ಲ. ಅಂದಂತೂ, ಹಾಲು ಕುಡಿಸಲು ಅಡ್ಡಿಯಿಲ್ಲವೆಂದು ನರ್ಸು ಹೇಳಿದರೂ ನನ್ನ ಕೈ ಮುಂದಾಗಲಿಲ್ಲ. ಈ ಮೈಯಿಂದ ಬಂದದ್ದನ್ನು ಕೂಸಿಗೆ ಹೇಗೆ ಕೊಡಲಿ?

“ಕೂಸನ್ನ ಅಳಿಸ್ತಾ ಕೂತಿದೀಯಲ್ಲೇ, ಎದೆಗೆ ಹಾಕ್ಕೋ,” ಎಂದು ಅತ್ತೆ ಗದರಿದರು.

ಕೂಸನ್ನು ಎದೆಗೆ ಹಾಕಿಕೊಂಡೆ, ತಲೆಯೆತ್ತಿ ಅವರ ಮುಖ ನೋಡಲಾಗಲಿಲ್ಲ. ಮಗಳು ಮಾತ್ರ ಯಾವ ಸಂಕೋಚವೂ ಇಲ್ಲದೆ ಬಾಯಿ ಹಾಕಿದಳು.